ರೈ ಡಾಕ್ಟರರ ಮನೆಯ ಕನ್ನಡ

ಕರ್ನಲ್ ಸಂಕಪ್ಪ ರೈಗಳ ಮನೆ ಎಲ್ಲಿ ಎಂದು ಮೂಡಬಿದಿರೆಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ತೋರಿಸಿದ ಕೈ ಇಳಿಯುವ ಮೊದಲು "ದೇವರಂಥ ಮನುಷ್ಯ ಮಾರಾಯ್ರೆ" ಎಂದು ಒಂದು ಮಾತು ಸೇರಿಸುತ್ತಾರೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ರೈಗಳ ಹೆಂಡತಿ ಪ್ರೇಮಾವತಿಗೆ ಮೈಯೆಲ್ಲ ಉರಿಯುತ್ತದೆ. ಊರವರಿಗೆ ಅವರು ಪ್ರೇಮಕ್ಕ. ಐವತ್ತು ವರ್ಷಗಳಿಂದ ಆ ದೇವರಿಗೆ ಅನ್ನ ಬೇಯಿಸಿ ಹಾಕುತ್ತಿರುವವರು. ಆ ದೇವರು ಎಷ್ಟು ದೇವರು ಎಂಬುದು ಅವರಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ರೈಗಳು ಮೂಲತಃ ಮುಂಡಾಜೆಯವರು. ಓದಿ ಡಾಕ್ಟರಾಗಿ, ಸೈನ್ಯ ಸೇರಿ ಸರ್ಜನ್ ಆದರು. ಹಿಮದ ಗುಡ್ಡಗಳಲ್ಲಿ, ಮರಳುಗಾಡಿನ ಟೆಂಟುಗಳಲ್ಲಿ, ಪಕ್ಕದಲ್ಲಿ ಯಾರಾದರೂ ದೀಪ ಹಿಡಿದು ನಿಂತಿರುವಾಗ ಸಿಪಾಯಿಗಳ ಹೊಟ್ಟೆ ಕೊಯ್ದು ಹೊಲಿದವರು. ನಿವೃತ್ತರಾಗಿ ಮೂಡಬಿದಿರೆಯಲ್ಲಿ ಮನೆ ಕಟ್ಟಿದ ಮೇಲೆ ಬೆಳ್ತಂಗಡಿಯಲ್ಲಿ ಕ್ಲಿನಿಕ್ ಇಟ್ಟರು. ಕೈ ನಡುಗಲು ಶುರುವಾಗುವವರೆಗೆ ಊರವರ ಹರ್ನಿಯಾ, ಅಪೆಂಡಿಕ್ಸ್ ನೋಡಿಕೊಂಡರು. ಒಂದು ಜಂಭ ಮಾತ್ರ ಅವರಿಗೆ ಹರೆಯದಿಂದಲೂ ಇತ್ತು. ಸಂಕಪ್ಪ ರೈ ಹಾಕಿದ ಗಂಟು ಬಿಚ್ಚುವುದಿಲ್ಲ. ಸರ್ಜನ್ನನಿಗೆ ಗಂಟೇ ವಿದ್ಯೆ. ಒಳಗೆ ರಕ್ತನಾಳಕ್ಕೆ ಹಾಕಿದ ಗಂಟು ಜಾರಿದರೆ ರೋಗಿ ಹೋದ ಹಾಗೆಯೇ. ತನ್ನ ಕೈಯ ಒಂದು ಗಂಟೂ ಈವರೆಗೆ ಜಾರಿಲ್ಲ ಎಂದು ಅವರು ಮೀಸೆ ತಿರುವಿ ಹೇಳುವುದನ್ನು ಕೇಳದ ನೆಂಟರಿಲ್ಲ. ಮನೆಯಲ್ಲೂ ಅದೇ ಕಾಟ. ಹಪ್ಪಳದ ಕಟ್ಟು, ಬಟ್ಟೆ ಒಣಹಾಕುವ ಹಗ್ಗ, ಅಕ್ಕಿ ಗೋಣಿಯ ಬಾಯಿ, ಎಲ್ಲಕ್ಕೂ ಅವರದೇ ಗಂಟು. ಪ್ರೇಮಕ್ಕ ಪ್ರತಿ ಸಲವೂ ಅಡುಗೆಮನೆಯ ಚೂರಿ ತಂದು ಕೊಯ್ಯಬೇಕು, ಕೊಯ್ಯುವಾಗೆಲ್ಲ ಹಲ್ಲು ಕಡಿಯಬೇಕು.

ಈ ಮನೆಯಲ್ಲಿ ಇನ್ನೊಂದು ವಿಚಿತ್ರ ಇದೆ. ಈ ಕಡೆಯವರಿಗೆ ಬಾಯಿ ತೆರೆದರೆ ತುಳು. ಬಸ್ಸಿನಲ್ಲಿ, ಮೀನು ಮಾರ್ಕೆಟಿನಲ್ಲಿ, ಜಗಳದಲ್ಲಿ, ಮುದ್ದಿನಲ್ಲಿ ತುಳುವೇ. ಕನ್ನಡ ಹೊರಗೆ ಬರುವುದು ಶಾಲೆಯ ಹೆಡ್‌ಮಾಸ್ತರರ ಎದುರು, ತಾಲೂಕು ಕಚೇರಿಯ ಕಿಟಕಿಯ ಮುಂದೆ, ಗುರುತಿಲ್ಲದ ಡಾಕ್ಟರರ ಹತ್ತಿರ. ಪ್ರೇಮಕ್ಕನೂ ಹಾಗೆಯೇ. ಮಕ್ಕಳೊಡನೆ, ನೆರೆಮನೆಯವರೊಡನೆ, ಹಾಲು ಕದಿಯುವ ಬೆಕ್ಕಿನೊಡನೆಯೂ ತುಳುವಿನಲ್ಲೇ ಮಾತು. ಗಂಡನೊಬ್ಬನ ಹತ್ತಿರ ಮಾತ್ರ ಕನ್ನಡ. ಅದೂ ಪಾಠಪುಸ್ತಕದಿಂದ ಈಗಷ್ಟೇ ಎದ್ದು ಬಂದಂಥ ಕನ್ನಡ.

"ಡಾಕ್ಟರೇ, ಊಟ ಸಿದ್ಧವಾಗಿದೆ. ದಯವಿಟ್ಟು ಬನ್ನಿ."

"ಬರ್ತೇನೆ ಮಾರಾಯ್ತಿ. ಇವತ್ತು ಎಂತ ಮೀನು?"

"ಇಂದು ಬಂಗುಡೆ ದೊರೆಯಲಿಲ್ಲ. ಬೂತಾಯಿ ಮಾಡಲಾಗಿದೆ."

ರೈಗಳು ಕೇಳಿದ್ದು ತುಳುವಿನಲ್ಲಿ. ಓದುವವರಿಗೆ ತಿಳಿಯಲೆಂದು ಇಲ್ಲಿ ಊರ ಕನ್ನಡದಲ್ಲಿ ಬರೆದಿದೆ ಅಷ್ಟೆ. ಅವರು ಹಟ ಬಿಟ್ಟವರಲ್ಲ. ಹೆಂಡತಿ ಕನ್ನಡ ಆಡಿದಷ್ಟು ದಿನವೂ ಏನೂ ಆಗದವರ ಹಾಗೆ ತುಳುವನ್ನೇ ಆಡಿದರು. ಮಕ್ಕಳಾದ ಉಜ್ವಲ್ ಮತ್ತು ಭವಿತ್ ಈ ಎರಡು ಭಾಷೆಯ ನಡುವೆಯೇ ಬೆಳೆದರು. ಎಲ್ಲರ ಮನೆಯಲ್ಲೂ ಅಮ್ಮ ಅಪ್ಪನ ಹತ್ತಿರ ಕನ್ನಡವೇ ಮಾತಾಡುವುದು ಎಂದು ಭವಿತ್ ಹೈಸ್ಕೂಲಿಗೆ ಹೋಗುವವರೆಗೂ ತಿಳಿದಿದ್ದ.

ಊರವರು ಇದನ್ನು ಕಂಡು ಏನೆಂದುಕೊಂಡರು ಗೊತ್ತೇ? ಗೌರವ ಎಂದುಕೊಂಡರು. ಕರ್ನಲರ ಹೆಂಡತಿ ಗಂಡನನ್ನು ಎಷ್ಟು ಮರ್ಯಾದೆಯಿಂದ ಮಾತಾಡಿಸುತ್ತಾರೆ, ಎಂಥ ಶುದ್ಧ ಭಾಷೆ! ಒಂದು ವರ್ಷ ರಾಜ್ಯೋತ್ಸವದ ಸಮಿತಿಯವರು ಮನೆಗೇ ಬಂದು, ತುಳುನಾಡಿನಲ್ಲಿದ್ದೂ ಮನೆಯೊಳಗೆ ಕನ್ನಡ ಬೆಳಗಿಸಿದ ಮಾದರಿ ದಂಪತಿ ಎಂದು ಇಬ್ಬರನ್ನೂ ಸ್ಟೇಜಿಗೆ ಕರೆದರು. ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ರೈಗಳು ಶಾಲಿನೊಳಗೆ ಬೆವರುತ್ತಾ ಕೂತಿದ್ದರು. ಮೈಕ್ ಕೈಗೆ ಕೊಟ್ಟಾಗ ಪ್ರೇಮಕ್ಕ, "ಇದಕ್ಕೆಲ್ಲ ಡಾಕ್ಟರರೇ ಕಾರಣ" ಎಂದಷ್ಟೇ ಹೇಳಿ ಕೂತರು. ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಅದು ಕಾಲಿನ ಚಪ್ಪಲಿ ತೆಗೆದು ಮುಖಕ್ಕೆ ಬಾರಿಸಿದ ಮಾತು ಎಂದು ಗೊತ್ತಿದ್ದವರು ಆ ಸಭೆಯಲ್ಲಿ ಇಬ್ಬರೇ.

ಕಾರಣ ಹೇಳಬೇಕಾದರೆ ಹಿಂದಕ್ಕೆ ಹೋಗಬೇಕು.

ಪ್ರೇಮಕ್ಕನ ತಾಯಿಮನೆ ಬಂಟ್ವಾಳದಲ್ಲಿ, ನೇತ್ರಾವತಿಯ ದಂಡೆಯಲ್ಲಿ. ದೊಡ್ಡ ನೆರೆ ಬಂದ ವರ್ಷ ಹೊಸ್ತಿಲವರೆಗೆ ನೀರು ಬಂದು ಹೋಗುವ ಮನೆ. ಇವರು ಬಂಟರು. ಬಂಟರಲ್ಲಿ ಕುಟುಂಬ ಬೆಳೆಯುವುದು ಹೆಣ್ಣಿನಿಂದ. ಹುಟ್ಟಿದ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ತಂದೆಯದಕ್ಕಲ್ಲ. ಮಗನಿಗೆ ಎಷ್ಟೇ ಮಕ್ಕಳಾಗಲಿ, ಅವು ಸೊಸೆಯ ಕುಟುಂಬದ ಲೆಕ್ಕಕ್ಕೆ ಹೋದವು. ಆಸ್ತಿಯ ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು. ಕುಟುಂಬದ ದೈವದ ಎದುರು ಯಾರು ಯಾವ ಮನೆಯವರಾಗಿ ನಿಲ್ಲಬೇಕು ಎಂಬುದು ಬದಲಾಗಿಲ್ಲ. ಪ್ರೇಮಕ್ಕನ ಅಜ್ಜಿಗೆ ಒಬ್ಬಳೇ ಮಗಳು, ಆ ಮಗಳಿಗೆ ಪ್ರೇಮಕ್ಕ ಒಬ್ಬಳೇ. ಆದ್ದರಿಂದ ಮದುವೆಯ ದಿನ ಬಂದವರೆಲ್ಲ ಹರಸಿದ್ದು ಒಂದೇ ಮಾತಿನಲ್ಲಿ, ಬೇಗ ಒಂದು ಹೆಣ್ಣು ಹೆರು ಎಂದು. ಬೇರೆ ಕಡೆ ಗಂಡಿಗಾಗಿ ಬಾಯಿ ಬಿಡುತ್ತಾರಂತೆ. ಇಲ್ಲಿ ಹೆಣ್ಣಿಲ್ಲದಿದ್ದರೆ ಮನೆಯ ದೀಪವೇ ಆರಿತು.

ಮೊದಲು ಹುಟ್ಟಿದ್ದು ಉಜ್ವಲ್. ಆಗಲಿ, ಮುಂದಿನದು ಹೆಣ್ಣಾದೀತು ಎಂದರು. ಎರಡನೆಯ ಬಸಿರಿನಲ್ಲಿ ಪ್ರೇಮಕ್ಕ ಗಂಡನ ಜೊತೆ ಈಶಾನ್ಯದ ಒಂದು ಮಿಲಿಟರಿ ಠಾಣೆಯಲ್ಲಿದ್ದರು. ಬೇನೆ ಬಂದ ದಿನ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು, ಹೆರಿಗೆ ಡಾಕ್ಟರು ರಜೆಯ ಮೇಲೆ ಹೋದವರು ಆಚೆ ಬದಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮಗು ಅಡ್ಡ ಕೂತಿತ್ತು. ಪ್ರೇಮಕ್ಕನಿಗೆ ಕೊನೆಯದಾಗಿ ನೆನಪಿರುವುದು ಗಂಡನ ಮುಖವಸ್ತ್ರ ಕಟ್ಟಿದ ಮುಖ. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಭವಿತ್ ಇದ್ದ, ಹೊಟ್ಟೆಗೆ ಹೊಲಿಗೆ ಬಿದ್ದಿತ್ತು. ಗಂಡನೇ ಕೊಯ್ದು ಎರಡು ಜೀವ ಉಳಿಸಿದ್ದರು.

ಆ ಕತೆಯನ್ನು ರೈಗಳು ಹೋದಲ್ಲೆಲ್ಲ ಹೇಳಿದರು. ಪ್ರೇಮಕ್ಕನೂ ಹೇಳಿದರು, ಕಣ್ಣಲ್ಲಿ ನೀರು ತಂದುಕೊಂಡು, ಹೆಮ್ಮೆಯಿಂದ. ಅದು ನೆನಪಾದರೆ ಈಗಲೂ ಅವರಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬರುತ್ತದೆ.

ಮತ್ತೆ ಶುರುವಾಯಿತು ಕಾಯುವುದು. ವರ್ಷ ಹೋಯಿತು, ಇನ್ನೊಂದು ಹೋಯಿತು, ಬಸಿರು ನಿಲ್ಲಲಿಲ್ಲ. ತಾಯಿ ಬಂಟ್ವಾಳದಿಂದ ಪ್ರತಿ ಸಲ ಕೇಳುವುದು, ಪ್ರೇಮಕ್ಕ ತಲೆ ತಗ್ಗಿಸುವುದು. ಹರಕೆಗಳಾದವು. ನಾಗನಿಗೆ ತಂಬಿಲದ ಪೂಜೆಯಾಯಿತು. ಸೋಮವಾರ ಒಪ್ಪೊತ್ತು, ಷಷ್ಠಿಗೆ ಉಪವಾಸ. ಒಮ್ಮೆ ರಜೆಯಲ್ಲಿ ಬಂದಾಗ ತಾಯಿಮನೆಯಲ್ಲಿ ಸಂತಾನಕ್ಕೆಂದು ನಾಗನಿಗೆ ಆಶ್ಲೇಷಾ ಬಲಿಯ ಪೂಜೆ ಇಟ್ಟುಕೊಂಡರು. ಅರಸಿನ, ಕುಂಕುಮ, ಅಕ್ಕಿಹಿಟ್ಟಿನಲ್ಲಿ ಬಿಡಿಸಿದ ದೊಡ್ಡ ಮಂಡಲದ ಎದುರು ಗಂಡ ಹೆಂಡತಿ ಒಟ್ಟಿಗೆ ಕೂರಬೇಕು. ರೈಗಳು ಅಂಗಿ ಕಳಚಿ, ಶಲ್ಯ ಹೊದ್ದು, ಕೈಯಲ್ಲಿ ಅಡಿಕೆಯ ಹಿಂಗಾರ ಹಿಡಿದು ಕೂತರು. ಭಟ್ಟರು ಸಂಕಲ್ಪ ಹೇಳಿಸಿದಾಗ ಗಟ್ಟಿಯಾಗಿ ಹೇಳಿದರು. ಕೈಮುಗಿದು ಕಣ್ಣು ಮುಚ್ಚಿದರು. ಮಿಲಿಟರಿ ಮನುಷ್ಯನಿಗೆ ಎಷ್ಟು ಭಕ್ತಿ ಎಂದು ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಸತ್ಯ ಹೊರಗೆ ಬಿದ್ದದ್ದು ಭವಿತ್‌ನಿಗೆ ಏಳು ತುಂಬುವ ಹೊತ್ತಿಗೆ. ಗಂಡ ಗಡಿಯ ಕಡೆ ಇದ್ದರು. ಪ್ರೇಮಕ್ಕ ಮಕ್ಕಳನ್ನು ಮೂಡಬಿದಿರೆಯ ಶಾಲೆಗೆ ಹಾಕಿ ಬಾಡಿಗೆ ಮನೆಯಲ್ಲಿದ್ದರು. ತಾಯಿಯ ಒತ್ತಾಯಕ್ಕೆ ಒಬ್ಬ ಹೆಂಗಸು ಡಾಕ್ಟರಲ್ಲಿ ತೋರಿಸಲು ಹೋದರು. ಎಕ್ಸ್‌ರೇ ತೆಗೆಸಿದ ಮೇಲೆ ಆ ಡಾಕ್ಟರು ಕನ್ನಡಕ ತೆಗೆದು ಕೇಳಿದರು, "ಸಿಸೇರಿಯನ್ ಆದಾಗಲೇ ಮಕ್ಕಳಾಗದ ಆಪರೇಷನ್ ಕೂಡ ಮಾಡಿಸಿಕೊಂಡಿದ್ದೀರಲ್ಲ ಅಮ್ಮ? ಎರಡೂ ಬದಿಯ ನಾಳ ಕಟ್ಟಿ ಆಗಿದೆ. ಈಗ ಮಗು ಬೇಕು ಅಂದರೆ ಹೇಗೆ?"

ಪಕ್ಕದ ಕುರ್ಚಿಯಲ್ಲಿ ತಾಯಿ ಇದ್ದರು. ಆ ಮುದುಕಿ ಮನೆಗೆ ಬಂದು ದೇವರ ಕೋಣೆಯ ಬಾಗಿಲು ಎಳೆದುಕೊಂಡರು. ಮುಂದಿನ ವರ್ಷ ತೀರಿಕೊಳ್ಳುವವರೆಗೆ ಮಗಳ ಹತ್ತಿರ ಹೆಣ್ಣಿನ ವಿಷಯ ಎತ್ತಲೇ ಇಲ್ಲ.

ರೈಗಳು ರಜೆಗೆ ಬಂದ ದಿನ ಪ್ರೇಮಕ್ಕ ನೀರು ಕೊಡುವ ಮೊದಲೇ ಕೇಳಿದರು. ಆಗ ಅವರಿಬ್ಬರದೂ ತುಳುವೇ.

"ನನ್ನ ನಾಳಕ್ಕೆ ಗಂಟು ಹಾಕಿದ್ದು ಹೌದಾ?"

ರೈಗಳು ಬೂಟಿನ ಲೇಸು ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದರು. "ಹೌದು. ಗರ್ಭಕೋಶ ಹರಿದಿತ್ತು. ಇನ್ನೊಂದು ಸಲ ಬಸಿರಾದರೆ ನೀನು ಉಳಿಯುವುದಿಲ್ಲ ಅಂತ ಕಂಡಿತು. ಹೊಟ್ಟೆ ತೆರೆದೇ ಇತ್ತು, ಅದರಲ್ಲೇ ಮುಗಿಸಿದೆ."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಮಂಪರಿನಲ್ಲಿ ಇದ್ದಿ."

"ಎದ್ದ ಮೇಲೆ?"

"ನಿಧಾನಕ್ಕೆ ಹೇಳುವ ಅಂತ ಇದ್ದೆ. ಹೇಳಿದರೆ ನೀನು ಅಳ್ತಿದ್ದಿ. ಪ್ರೇಮಾ, ಅದೆಲ್ಲ ಡಾಕ್ಟರರು ತೀರ್ಮಾನ ಮಾಡುವ ವಿಷಯ."

"ಮತ್ತೆ ಆಶ್ಲೇಷಾ ಬಲಿಗೆ ಕೂತದ್ದು?"

ರೈಗಳು ಎದ್ದು ಹೋಗಿ ಬೂಟಿಗೆ ಪಾಲಿಶ್ ಹಾಕಲು ಕೂತರು. ಪ್ರೇಮಕ್ಕ ಆ ಬಗ್ಗಿದ ಬೆನ್ನನ್ನೇ ನೋಡುತ್ತಾ ನಿಂತರು. ಗಂಟು ಹಾಕಿದ್ದನ್ನು ಅವರು ಹೇಗೋ ನುಂಗಿಕೊಳ್ಳುತ್ತಿದ್ದರೇನೋ. ತನ್ನ ಕೈಯಿಂದಲೇ ಬಾಗಿಲು ಮುಚ್ಚಿದವನು, ಆ ಬಾಗಿಲು ತೆರೆಯಲಿ ಎಂದು ಹೆಂಡತಿ ಉಪವಾಸ ಬೀಳುವುದನ್ನು ಆರೇಳು ವರ್ಷ ನೋಡುತ್ತಾ ಕೂತನಲ್ಲ, ಪಕ್ಕದಲ್ಲೇ ಕೂತು ಕೈಯನ್ನೂ ಮುಗಿದನಲ್ಲ, ಅದು ಗಂಟಲಲ್ಲಿ ಇಳಿಯಲಿಲ್ಲ.

ಆಗ ಅವರ ಬಾಯಿಂದ ಮೊದಲ ಸಲ ಆ ಕನ್ನಡ ಬಂತು.

"ಸರಿ ಡಾಕ್ಟರೇ. ಇನ್ನು ಮುಂದೆ ಡಾಕ್ಟರರಲ್ಲಿ ಹೇಗೆ ಮಾತನಾಡಬೇಕೋ ನಿಮ್ಮಲ್ಲಿ ಹಾಗೆಯೇ ಮಾತನಾಡುತ್ತೇನೆ."

ಎರಡು ದಿನದ ಸಿಟ್ಟು ಎಂದು ರೈಗಳು ನಕ್ಕರು. ಪ್ರೇಮಕ್ಕ ಮಕ್ಕಳನ್ನು ಕಟ್ಟಿಕೊಂಡು ಬಂಟ್ವಾಳಕ್ಕೆ ಹೋದರು. ಅಲ್ಲಿ ಸೋದರಮಾವ ಚಿನ್ನಯ್ಯ ಶೆಟ್ಟರು ಮನೆಯ ಯಜಮಾನರು. ಅವರಾದರೂ ಬೆಂಕಿಯಾದಾರು ಎಂದುಕೊಂಡಿದ್ದರು. ಚಿನ್ನಯ್ಯ ಶೆಟ್ಟರು ಎಲ್ಲ ಕೇಳಿ, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, "ನಿನ್ನ ಜೀವ ಉಳಿಸಿದ್ದಾನಲ್ಲ ಮಗಾ. ಇನ್ನೆಂತ ಬೇಕು? ಹೋಗು, ಮಕ್ಕಳ ಶಾಲೆ ಹಾಳಾಗ್ತದೆ" ಎಂದರು. ಕುಟುಂಬ ಕುಟುಂಬ ಎಂದು ಜೀವನವೆಲ್ಲ ಬಡಿದುಕೊಂಡ ಮನುಷ್ಯ, ಅಳಿಯನ ಹೆಗಲ ಮೇಲಿನ ನಕ್ಷತ್ರಗಳನ್ನು ಕಂಡು ತಣ್ಣಗಾಗಿದ್ದರು. ಪ್ರೇಮಕ್ಕ ವಾಪಸು ಬಂದರು. ಗಂಡನ ಮನೆಗೆ ಬಂದದ್ದಲ್ಲ, ಮಕ್ಕಳ ಮನೆಗೆ ಬಂದದ್ದು. ಈ ವ್ಯತ್ಯಾಸವನ್ನು ಅವರು ಇಂದಿಗೂ ಬಿಟ್ಟುಕೊಟ್ಟಿಲ್ಲ.

ಹೀಗೆ ನಡೆಯಿತು ಮೂರು ದಶಕಕ್ಕೂ ಹೆಚ್ಚಿನ ಸಂಸಾರ. ಹೊತ್ತಿಗೆ ಸರಿಯಾಗಿ ಊಟ, ಇಸ್ತ್ರಿ ಹಾಕಿದ ಅಂಗಿ, ಬಿಸಿನೀರು, ಯಾವುದಕ್ಕೂ ಕೊರತೆಯಿಲ್ಲ. ತುಳುವೊಂದು ಇಲ್ಲ. ಇದರಿಂದ ಪ್ರೇಮಕ್ಕನಿಗೆ ಒಂದು ನಷ್ಟವೂ ಆಯಿತು, ಅದನ್ನು ಅವರು ತಡವಾಗಿ ಕಂಡುಕೊಂಡರು. ಅವರಿಗೆ ಬರುತ್ತಿದ್ದ ಕನ್ನಡದಲ್ಲಿ ಬೈಗುಳ ಇರಲಿಲ್ಲ. ಶಾಲೆಯಲ್ಲಿ ಯಾವ ಮಾಸ್ತರರೂ ಅದನ್ನು ಕಲಿಸಿರಲಿಲ್ಲ. "ತಮ್ಮ ನಡವಳಿಕೆ ಸರಿಯಲ್ಲ" ಎಂದರೆ ಯಾರಿಗೆ ನಾಟುತ್ತದೆ? ಒಳ್ಳೊಳ್ಳೆಯ ತುಳು ಬೈಗುಳಗಳೆಲ್ಲ ಹೊಟ್ಟೆಯಲ್ಲೇ ಕೊಳೆತು ಹೋದವು.

ನೋವು ಹಳತಾಗಲು ಊರವರು ಬಿಡಲೂ ಇಲ್ಲ. ಕೆಲವು ವರ್ಷದ ಹಿಂದೆ ತಾಯಿಮನೆಯಲ್ಲಿ ದೈವಕ್ಕೆ ಪರ್ವದ ಸೇವೆ ಇತ್ತು. ಉಜ್ವಲ್ ದುಬೈಯ ಹೋಟೆಲಿಗೆ ರಜೆ ಹಾಕಿ ಸಂಸಾರ ಸಮೇತ ಬಂದಿದ್ದ. ಕುಟುಂಬದವರು ಪ್ರಸಾದಕ್ಕೆ ಮುಂದೆ ಬನ್ನಿ ಎಂದಾಗ ಅವನ ಮಗಳು ಪ್ರಾಪ್ತಿ, ಪುಟ್ಟ ಹುಡುಗಿ, ಅಜ್ಜಿಯ ಸೆರಗು ಹಿಡಿದು ಓಡಿ ಬಂದಳು. ದೂರದ ಕವಲಿನ ಒಬ್ಬ ಮುದುಕಿ ಅವಳ ತೋಳು ಹಿಡಿದು ನಿಲ್ಲಿಸಿ, "ನೀನು ಅಲ್ಲ ಮಗಾ, ನೀನು ನಿನ್ನ ಅಮ್ಮನ ಕುಟುಂಬದವಳು" ಎಂದಳು. ಆಮೇಲೆ ಪ್ರೇಮಕ್ಕನ ಕಡೆ ತಿರುಗಿ, "ಈ ಕವಲಿನಲ್ಲಿ ಹೆಣ್ಣು ಅಂತ ಇನ್ನು ನೀನೊಬ್ಬಳೇ ಅಲ್ಲವಾ?" ಎಂದು ಮರುಕದಿಂದ ಕೇಳಿದಳು. ರೈಗಳು ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆ ದಿನ ದಾರಿಯುದ್ದಕ್ಕೂ ಕಾರಿನಲ್ಲಿ ಕನ್ನಡವೂ ಇರಲಿಲ್ಲ.

ಈಗ ಈಚಿನ ಸಂಗತಿ. ಕಳೆದ ದೀಪಾವಳಿಯ ಸಮಯಕ್ಕೆ ರೈಗಳಿಗೆ ಮೂತ್ರ ಕಟ್ಟಿತು. ತಿಂಗಳುಗಳಿಂದ ಬಚ್ಚಲಲ್ಲಿ ತಿಣುಕುವುದು ಪ್ರೇಮಕ್ಕನಿಗೆ ಕೇಳಿಸುತ್ತಿತ್ತು. ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಒಂದು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಕೂತವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿನ ಮೂತ್ರಕೋಶದ ಸರ್ಜನ್ ಡಾಕ್ಟರ್ ಹಾರಿಸ್, ಕಕ್ಕಿಂಜೆಯ ಹುಡುಗ. ಚಿಕ್ಕವನಿದ್ದಾಗ ಬೆಳ್ತಂಗಡಿಯಲ್ಲಿ ಅವನ ಅಪೆಂಡಿಕ್ಸ್ ತೆಗೆದದ್ದು ರೈಗಳೇ. ಅವನಿಗೆ ಅವರೆಂದರೆ ಗುರು, ಎದುರು ನಿಂತು ಗಟ್ಟಿಯಾಗಿ ಮಾತಾಡಲೂ ಸಂಕೋಚ. ಪರೀಕ್ಷೆಗಳೆಲ್ಲ ಆಗಿ ಬಂದ ಸುದ್ದಿ ಒಳ್ಳೆಯದಿರಲಿಲ್ಲ. ಪ್ರೋಸ್ಟೇಟಿನ ಕ್ಯಾನ್ಸರ್, ಬೆನ್ನೆಲುಬಿಗೂ ತಾಗಿತ್ತು.

ಹಾರಿಸ್ ಇಬ್ಬರನ್ನೂ ಕೂರಿಸಿ ವಿವರಿಸಿದ. ಮೊದಲು ಮೂತ್ರದ ದಾರಿ ಬಿಡಿಸಬೇಕು. ಆಮೇಲೆ ಈ ಕ್ಯಾನ್ಸರ್ ಬೆಳೆಯದಂತೆ ತಡೆಯಬೇಕು. ಗಂಡಸಿನ ಬೀಜದಲ್ಲಿ ಊರುವ ರಸವೇ ಅದಕ್ಕೆ ಗೊಬ್ಬರ. ಅದನ್ನು ನಿಲ್ಲಿಸಲು ಎರಡು ದಾರಿ. ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ಇಲ್ಲವಾದರೆ ಎರಡೂ ಬೀಜ ತೆಗೆದುಬಿಡುವುದು. ಕ್ಲಿನಿಕ್ಕಿಗೆ ಬಂದ ಎಷ್ಟು ಮುದುಕರಿಗೆ ಈ ರೈಗಳೇ, "ಇನ್ನು ಅದನ್ನು ಇಟ್ಟುಕೊಂಡು ಎಂತ ಮಾಡ್ತೀರಿ, ತೆಗೆದುಬಿಡುವ" ಎಂದು ನಗುತ್ತಾ ಹೇಳಿದ್ದರು! ಈಗ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತರು. "ಮೊದಲು ದಾರಿ ಬಿಡಿಸು. ಅದು ಮತ್ತೆ ನೋಡುವ" ಎಂದರು. ಪ್ರೇಮಕ್ಕನಿಗೆ ನಗು ಬಂತು. ತಡೆದುಕೊಳ್ಳಲು ಸೆರಗು ಬಾಯಿಗೆ ಹಿಡಿಯಬೇಕಾಯಿತು. ಹಾರಿಸ್ ಅದನ್ನು ಅಳು ಎಂದುಕೊಂಡ.

ಆಪರೇಷನ್ನಿನ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಥಿಯೇಟರಿನ ಬಾಗಿಲು ತೆರೆದು ಹಾರಿಸ್ ಹೊರಗೆ ಬಂದ. ಹಸಿರು ಟೊಪ್ಪಿ ತೆಗೆಯದೆಯೇ ಪ್ರೇಮಕ್ಕನ ಪಕ್ಕದ ಬೆಂಚಿನಲ್ಲಿ ಕೂತ. ಅವನದೂ ಅವರದೂ ತುಳುವೇ ಮಾತು.

"ಅಮ್ಮ, ಗಾಬರಿ ಎಂತದೂ ಇಲ್ಲ. ದಾರಿ ಬಿಡಿಸಿ ಆಗ್ತಾ ಬಂತು. ಸರ್ ನಿದ್ದೆಯಲ್ಲಿದ್ದಾರೆ. ಒಂದು ವಿಷಯ ಕೇಳುವ ಅಂತ ಬಂದೆ."

"ಹೇಳಿ."

"ಆ ಬೀಜದ ಆಪರೇಷನ್ ಉಂಟಲ್ಲ, ಅದನ್ನೂ ಈಗಲೇ ಒಟ್ಟಿಗೆ ಮುಗಿಸಿಬಿಡುವ ಅಂತ. ಮಂಪರು ಕೊಟ್ಟೇ ಆಗಿದೆ. ಇನ್ನೊಂದು ಸಲ ಟೇಬಲ್ ಹತ್ತಿಸುವುದು ಈ ಪ್ರಾಯದಲ್ಲಿ ಕಷ್ಟ. ಸರ್ ಹತ್ತಿರ ಇನ್ನೊಮ್ಮೆ ಕೇಳಲು ನನಗೆ ಮುಖ ಬರುವುದಿಲ್ಲ. ನೀವು ಹೂಂ ಅಂದರೆ ಸಾಕು. ಎದ್ದ ಮೇಲೆ ನಿಧಾನಕ್ಕೆ ಹೇಳುವ."

ನಿಧಾನಕ್ಕೆ ಹೇಳುವ! ಪ್ರೇಮಕ್ಕ ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದು ಕೂತರು. ಎಂಥ ಖುಷಿ ಆಯಿತೆಂದರೆ, ಅಂಥ ಖುಷಿಗೆ ನಾಚಿಕೆಯಾಗಬೇಕು, ಆಗಲಿಲ್ಲ. ಹುಡುಕಿಕೊಂಡು ಹೋಗದೆ, ಬೇಡದೆ, ಹರಕೆ ಹೇಳದೆ, ಸೇಡು ಹಸಿರು ಟೊಪ್ಪಿ ಹಾಕಿಕೊಂಡು ಎದುರು ಬಂದು ಕೂತಿತ್ತು. ಒಂದು ಹೂಂ ಅಂದರೆ ಮುಗಿಯಿತು. ಆ ಮನುಷ್ಯ ಎದ್ದು ಕೇಳಿದರೆ ಹೇಳಲು ಉತ್ತರವೂ ಸಿದ್ಧ. ನಿಮ್ಮ ಜೀವ ಉಳಿಸಲೆಂದೇ ಮಾಡಿಸಿದೆ, ನೀವು ಮಂಪರಿನಲ್ಲಿದ್ದಿರಿ. ಯಾರು ತಪ್ಪು ಎನ್ನುತ್ತಾರೆ? ಊರೆಲ್ಲ ಹೊಗಳಿ ಇನ್ನೊಂದು ಶಾಲು ಹೊದೆಸೀತು.

ಉಜ್ವಲ್‌ಗೆ ಫೋನು ಮಾಡಿದರು. ದುಬೈಯಿಂದ ಅವನು ಎಲ್ಲ ಕೇಳಿ, "ಹೂಂ ಅನ್ನಿ ಅಮ್ಮ, ಎಂತ ಯೋಚನೆ? ಅಪ್ಪನ ಒಳ್ಳೆಯದಕ್ಕೇ ಅಲ್ಲವಾ? ಅವರನ್ನು ಕೇಳಿದರೆ ಸುಮ್ಮನೆ ರಗಳೆ" ಎಂದ. ಮಗನ ಬಾಯಲ್ಲೂ ಅದೇ ಮಾತು. ಒಳ್ಳೆಯದಕ್ಕೆ. ಕೇಳಿದರೆ ರಗಳೆ.

ಫೋನು ಇಟ್ಟಾಗ ಪ್ರೇಮಕ್ಕನ ಖುಷಿ ಇಳಿದುಹೋಗಿತ್ತು. ಅದರ ಜಾಗಕ್ಕೆ ಸಿಟ್ಟು ಬಂದಿತ್ತು, ಹಳೆಯದಕ್ಕಿಂತ ದೊಡ್ಡದು, ಮತ್ತು ಅದು ಗಂಡನ ಮೇಲೊಂದೇ ಅಲ್ಲ. ಆವತ್ತು ಆ ಠಾಣೆಯಲ್ಲೂ ಯಾರೋ ಹೀಗೆಯೇ ತಲೆಯಾಡಿಸಿರಬೇಕು. ಒಬ್ಬ ದಾದಿ, ಒಬ್ಬ ಸಹಾಯಕ, ಎಲ್ಲರೂ ಒಳ್ಳೆಯವರೇ. ಮಲಗಿದವಳ ಹೊಟ್ಟೆ ಅವಳದು ಎಂದು ನೆನಪಿಸುವವರು ಒಬ್ಬರೂ ಇರಲಿಲ್ಲ. ಈಗ ಆ ಜಾಗದಲ್ಲಿ ತಾನು ನಿಂತಿದ್ದೇನೆ. ಹೂಂ ಅಂದರೆ ಆ ದಿನ ನಡೆದದ್ದು ಸರಿ ಎಂದು ತಾನೇ ಸಹಿ ಹಾಕಿದ ಹಾಗೆ. ಮೂವತ್ತೈದು ವರ್ಷದ ಕನ್ನಡ ನೀರಿನಲ್ಲಿ ಹೋಮ.

"ಕೂಡದು" ಎಂದರು.

"ಅಮ್ಮ, ಮೆಡಿಕಲಿ ನೋಡಿದರೆ..."

ಪ್ರೇಮಕ್ಕ ತುಳು ಬಿಟ್ಟು ಕನ್ನಡಕ್ಕೆ ಬಂದರು. "ಡಾಕ್ಟರೇ, ಹಿಡಿದ ಕೆಲಸವನ್ನು ಮುಗಿಸಿ ಅವರನ್ನು ಹೊರಗೆ ತನ್ನಿ. ಪೂರ್ತಿ ಎಚ್ಚರವಾದ ಮೇಲೆ ಅವರನ್ನೇ ಕೇಳಿ. ಅವರ ಶರೀರ. ಕೇಳದೆ ಒಂದು ಉಗುರನ್ನೂ ಮುಟ್ಟಬಾರದು."

ಅಮ್ಮ ಇದ್ದಕ್ಕಿದ್ದಂತೆ ಕನ್ನಡ ಯಾಕೆ ಆಡಿದರು ಎಂದು ಹಾರಿಸ್‌ಗೆ ತಿಳಿಯಲಿಲ್ಲ. ಆದರೆ ಗದರಿಸಿಕೊಂಡ ಶಾಲೆಯ ಹುಡುಗನ ಹಾಗೆ ಎದ್ದು ನಿಂತ. ಒಳಗೆ ಹೋದ.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ರೈಗಳು ದಿಂಬಿಗೆ ಒರಗಿ ಕೂತಿದ್ದರು. ಹಾರಿಸ್ ಬಂದು ಗಾಯ, ಮೂತ್ರದ ಚೀಲ ನೋಡಿ, ಕೊನೆಗೆ ನಿಂತಲ್ಲೇ ತಡವರಿಸಿದ. "ಸರ್, ಆ ಇನ್ನೊಂದು ವಿಷಯ ನೀವೇ ಹೇಳಬೇಕು. ನಿನ್ನೆ ಒಟ್ಟಿಗೆ ಮಾಡಿಬಿಡುವ ಅಂತ ಅಮ್ಮನ ಹತ್ತಿರ ಕೇಳಿದ್ದೆ. ಅವರು ಬಿಡಲಿಲ್ಲ. ನಿಮ್ಮನ್ನು ಕೇಳದೆ ಮುಟ್ಟಬಾರದು ಅಂದರು."

ರೈಗಳ ಕೈ ತನಗೆ ತಾನೇ ಹೊದಿಕೆಯ ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು. ಯುದ್ಧ ಕಂಡ ಮನುಷ್ಯನ ಮುಖ ಬಿಳಿಚಿಕೊಂಡಿತ್ತು. "ನನಗೆ ಇಂಜೆಕ್ಷನ್ ಸಾಕು" ಎಂದರು. "ಅದು ಬೇಡ. ಇಂಜೆಕ್ಷನ್ ಕೊಡು." ಹಾರಿಸ್ ಹೋದ.

ಪ್ರೇಮಕ್ಕ ಮನೆಯಿಂದ ತಂದ ಗಂಜಿಯನ್ನು ತಟ್ಟೆಗೆ ಬಗ್ಗಿಸಿ, ಉಪ್ಪಿನಕಾಯಿ ಹಾಕುತ್ತಿದ್ದರು. ಹಿಂದಿನಿಂದ ಧ್ವನಿ ಬಂತು. ಅದು ಕನ್ನಡದಲ್ಲಿತ್ತು. ಇಷ್ಟು ವರ್ಷದಲ್ಲಿ ರೈಗಳು ಹೆಂಡತಿಯ ಹತ್ತಿರ ಕನ್ನಡದಲ್ಲಿ ಆಡಿದ ಮೊದಲ ಮಾತು.

"ಪ್ರೇಮಾ, ಆ ದಿನ ನಾನು ನಿನ್ನನ್ನು ಕೇಳಬೇಕಾಗಿತ್ತು."

ಪ್ರೇಮಕ್ಕ ತಿರುಗಲಿಲ್ಲ. "ಹೌದು. ಕೇಳಬೇಕಾಗಿತ್ತು. ಎದ್ದ ಮೇಲಾದರೂ ಹೇಳಬೇಕಾಗಿತ್ತು. ಅದಿರಲಿ. ಮಂಡಲದ ಎದುರು ಕುಳಿತು ಕೈಮುಗಿದದ್ದು ಏಕೆ? ಅಂದು ಕೇಳಿದಾಗ ನೀವು ಉತ್ತರ ಕೊಡಲಿಲ್ಲ."

"ನಾನೂ ಬೇಡಿಕೊಂಡೆ."

"ಏನೆಂದು?"

"ಆ ಗಂಟು ಬಿಚ್ಚಿಹೋಗಲಿ ಎಂದು. ಬಿಚ್ಚಿದರೆ ನಿನ್ನ ಜೀವಕ್ಕೆ ಅಪಾಯ ಎಂದು ಗೊತ್ತಿತ್ತು. ಆದರೂ ನಿನ್ನ ಪಕ್ಕದಲ್ಲಿ ಕುಳಿತು ಅದನ್ನೇ ಬೇಡಿದೆ. ನಾನು ಹಾಕಿದ ಗಂಟುಗಳಲ್ಲಿ ಅದೊಂದಾದರೂ ಜಾರಲಿ ಎಂದು."

ಪ್ರೇಮಕ್ಕನ ಕೈಯ ಸೌಟು ಕೆಳಗೆ ಬಿತ್ತು. ಆಮೇಲೆ ನಡೆದದ್ದನ್ನು ಆ ವಾರ್ಡಿನವರು ಇನ್ನೂ ಹೇಳಿಕೊಳ್ಳುತ್ತಾರೆ. "ಈರೆಗ್ ಮಂಡೆ ಸಮ ಉಂಡಾ?" ಎಂದು ಆ ಮುದುಕಿ ಕಿರುಚಿದರು. ನಿಮಗೆ ತಲೆ ನೆಟ್ಟಗೆ ಉಂಟಾ ಎಂದು. ಅದು ಶುರು. ಆವತ್ತೇ ಹೇಳಿದ್ದರೆ ಒಟ್ಟಿಗೆ ಕೂತು ಅಳುತ್ತಿದ್ದೆವಲ್ಲ, ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೂಟು ಒರೆಸಿದಿರಲ್ಲ, ನನ್ನ ಅಮ್ಮ ಹೆಣ್ಣಿನ ಮಾತೆತ್ತದೆ ಸತ್ತಳಲ್ಲ, ಡಾಕ್ಟರಂತೆ ಡಾಕ್ಟರ್, ಕಲ್ಲು ನೀವು, ಕಲ್ಲಿಗಾದರೂ ಮಳೆಗೆ ಪಾಚಿ ಹಿಡಿಯುತ್ತದೆ. ಹೊಟ್ಟೆಯಲ್ಲಿ ಕೊಳೆತಿದ್ದ ಬೈಗುಳಗಳೆಲ್ಲ ಒಂದರ ಹಿಂದೆ ಒಂದು ಬಂದವು. ಅಜ್ಜಿಯ ಕಾಲದ ಬೈಗುಳಗಳು, ಮೀನು ಮಾರ್ಕೆಟಿನ ಬೈಗುಳಗಳು, ಬರೆಯಲಾಗದಂಥವು. ಒಂದನ್ನೂ ಕ್ಷಮಿಸಿದ ಹಾಗೆ ಇರಲಿಲ್ಲ. ಸಿಸ್ಟರ್ ಓಡಿ ಬಂದಳು, ಬಾಗಿಲಲ್ಲೇ ನಿಂತಳು. ಎಲ್ಲವೂ ತುಳುವಿನಲ್ಲಿತ್ತು, ಮತ್ತು ಅದು ಪ್ರೇಮಕ್ಕನಿಗೆ ಇನ್ನೂ ಗೊತ್ತಾಗಿರಲಿಲ್ಲ.

ರೈಗಳಿಗೆ ಮೊದಲ ಶಬ್ದಕ್ಕೇ ಗೊತ್ತಾಗಿತ್ತು. ಅವರು ಒಂದು ಮಾತಿಗೂ ಎದುರಾಡಲಿಲ್ಲ. ಕಣ್ಣೀರು ಒರೆಸದೆ, ಪ್ರತಿ ಬೈಗುಳಕ್ಕೂ "ಅಂದ್, ಪ್ರೇಮಾ, ಅಂದ್" ಎಂದು, ಹೌದು ಹೌದು ಎಂದು ತಲೆಯಾಡಿಸುತ್ತಾ, ಆಕೆ ನಿಲ್ಲಿಸಬಾರದೆಂದು ಗಂಜಿಯನ್ನು ಆದಷ್ಟು ನಿಧಾನವಾಗಿ ಕುಡಿದರು.